ಇನ್ನೂ ನಾಕ ಮಂದಿ ಹಚ್ಚಿದ್ರ ಮುಗೀತದಲ್ಲ?

ನಮ್ಮ ಮನೆತನದಾಗ ಈಗ ಸಾಫ್ಟ್‌ವೇರ್ ಕೆಲಸದಾಗ ಇರೋ ಹೆಣ್ಮಕ್ಕಳನ್ನ ಎಣಿಸ್ಲಿಕ್ಕೆ ಕೂತ್ರ ಎರಡೂ ಕೈಬೆರಳು ಸಾಲಂಗಿಲ್ಲ. ಅದ್ರಾಗ ಮೂರು ಮಂದಿ 'ಲೀಡ್' ಆಗೇವಿ. ಅಂದ್ರ ಒಂದು ಗುಂಪು ಕಟ್ಟಿಕೊಂಡು ಒಂದು ಪ್ರಾಜೆಕ್ಟನ್ನ ದಂಡಿಗೆ ಹಚ್ಚೋ ಜವಾಬ್ದಾರಿ ನಮ್ಮ ತಲಿ ಮ್ಯಾಲೆ. ಸುದ್ದಿ ಗೊತ್ತಾದ ಕೂಡಲೇ ನೀವೆಲ್ಲಾ ಓಣಿ ತುಂಬ ಪೇಢೆ ಹಂಚಿದ್ರಿ, ಸಂತೋಷ. ಆದ್ರ ಆಮ್ಯಾಲೆ ನಾವು ಮೂರೂ ಮಂದಿ ಒಂದು ಮದುವಿಗಾದ್ರೂ ಪೂರ್ತಿ ಬಂದಿದ್ದು ನೆನಪದ ಏನು ನಿಮಗ? ಬಂದ್ರೂ ಅಕ್ಕಿಕಾಳು ಹಾಕಿದ್ದ ತಡಾ, ಮೂಲ್ಯಾಗಿನ ಖೋಲಿ ಹುಡುಕಿ ಫೋನ್ ಹಿಡಕೊಂಡು ಕೂತುಬಿಡತೀವಿ. "ಅಲ್ಲವಾ, ಅಷ್ಟ ಕೆಲಸಾ ಉಳದಿದ್ರ ಕಂಪನ್ಯಾವರು ಇನ್ನೂ ನಾಕ ಮಂದೀನ್ನ ಹಚ್ಚಿದ್ರ ಮುಗೀತದಲ್ಲ?" ಅಂತ ಯಾರರ ಒಬ್ಬರು ಕೇಳೇ ಕೇಳತೀರಿ.

ನೀವು ಮಾಯಾದಿಂದ ಕೇಳತೀರಿ, ನನಗೇನೂ ಸಿಟ್ಟಿಲ್ಲ. ಆದ್ರ ಇದನ್ನ ಆಫೀಸಿನ್ಯಾಗ ದೊಡ್ಡ ದೊಡ್ಡ ಪಗಾರ ತಗೊಳ್ಳೋ ಮಂದೀನೂ ಕೇಳ್ತಾರಲ್ಲ, ಅದಕ್ಕ ಮೈ ಉರೀತದ. ಯಾಕಂದ್ರ ಈ ಪ್ರಶ್ನೆಗೆ ಉತ್ತರ ಬಂದು ಐವತ್ತು ವರ್ಷ ಆತು.

ಅಮೆರಿಕಾದಾಗ ಫ್ರೆಡ್ ಬ್ರೂಕ್ಸ್ ಅಂತ ಒಬ್ಬರಿದ್ದರು, 2022ರಾಗ ತೀರಿಕೊಂಡ್ರು. ಐಬಿಎಂ ಕಂಪನಿ 1964ರಲ್ಲಿ ಸಿಸ್ಟಮ್ 360 ಅಂತ ಹೊಸಾ ಕಂಪ್ಯೂಟರುಗಳನ್ನ ಘೋಷಣಾ ಮಾಡಿತು. ಅವನ್ನ ನಡಸೋ ಮೂಲ ಸಾಫ್ಟ್‌ವೇರ್, ಓಎಸ್ 360, ಅದನ್ನ ಬರಸೋ ಜವಾಬ್ದಾರಿ ಈ ಬ್ರೂಕ್ಸ್ ಅವರದಾಗಿತ್ತು. ಕೆಲಸಾ ಹಿಂದ ಬಿತ್ತು, ಮಂದೀನ್ನ ಹಚ್ಚಿದ್ರು. ಮತ್ತ ಹಿಂದ ಬಿತ್ತು, ಮತ್ತ ಹಚ್ಚಿದ್ರು. ಒಂದು ಹೊತ್ತಿನ್ಯಾಗ ಸಾವಿರಕ್ಕೂ ಹೆಚ್ಚು ಮಂದಿ ಅದೊಂದೇ ಕೆಲಸದ ಮ್ಯಾಲೆ ಇದ್ದರು. ಆದ್ರೂ ತಡಾನೇ ಆತು, ಅಂದಾಜಿಗಿಂತ ಎಷ್ಟೋ ಪಟ್ಟು ರೊಕ್ಕ ಖರ್ಚಾತು. ಆ ಅನುಭವಾ ಎಲ್ಲಾ ಸೇರಿಸಿ 1975ರಾಗ ಅವರು 'ದಿ ಮಿಥಿಕಲ್ ಮ್ಯಾನ್-ಮಂತ್' ಅಂತ ಪುಸ್ತಕ ಬರದ್ರು. ತಡಾ ಆದ ಸಾಫ್ಟ್‌ವೇರ್ ಕೆಲಸಕ್ಕ ಮಂದೀನ್ನ ಹಚ್ಚಿದ್ರ ಅದು ಇನ್ನೂ ತಡಾ ಆಗ್ತದ, ಇದು ಅವರ ಮಾತಿನ ತಾತ್ಪರ್ಯ. ಇದು ಭಾಳ ಒರಟು ಲೆಕ್ಕ ಅಂತ ಅವರೇ ಒಪ್ಪಿಕೊಂಡಾರ. ಆದ್ರ ಒರಟಾದ್ರೂ ಎಷ್ಟೋ ಕಡೆ ಖರೇ ಆಗೇದ.

ಆ ಪುಸ್ತಕದಾಗ ಅವರು ಕೊಟ್ಟ ಉದಾಹರಣಿ ಯಾವುದು ಗೊತ್ತೇನ್ರಿ? ಬಾಣಂತನದ್ದು! ಎಷ್ಟ ಮಂದಿ ಹೆಣ್ಮಕ್ಕಳನ್ನ ಕೂಡಿಸಿದ್ರೂ ಕೂಸು ಹುಟ್ಟಲಿಕ್ಕೆ ಒಂಬತ್ತು ತಿಂಗಳ ಬೇಕು ಅಂತ. ನಮ್ಮ ಅಜ್ಜಿಗೆ ಗೊತ್ತಿದ್ದ ಮಾತನ್ನ ಒಬ್ಬ ಗಂಡಸು ಸಾವಿರ ಮಂದಿ ಕೂಡೆ ದುಡದು, ಅಷ್ಟ ರೊಕ್ಕ ಸುರುವಿ, ಪುಸ್ತಕ ಬರದು ಹೇಳಬೇಕಾತು ನೋಡ್ರಿ. ಈಗ ಆಫೀಸಿನ್ಯಾಗ ಈ ಮಾತು ಎಲ್ಲಾರ ಬಾಯಾಗೂ ಅದ, ಹಾಸ್ಯಕ್ಕಂತ ಹೇಳಿ ನಗ್ತಾರ. ನಕ್ಕು ಮುಗಿಸಿ, ಅದೇ ಮೀಟಿಂಗಿನ್ಯಾಗ, "ಮೇಡಮ್, ಸೋಮವಾರದಿಂದ ನಿಮಗ ಇನ್ನೂ ಆರು ಮಂದಿ ಕೊಡತೀವಿ" ಅಂತಾರ.

ಮಂದಿ ಹೆಚ್ಚಾದ್ರ ಕೆಲಸಾ ಯಾಕ ಲಗೂ ಆಗಂಗಿಲ್ಲ ಅನ್ನೋದು ಕಂಪ್ಯೂಟರ್ ಕಲೀದಿದ್ದವರಿಗೂ ಗೊತ್ತಾಗೋ ಮಾತು. ಹೋಳಿಗಿ ಮಾಡೋವಾಗ ನಮ್ಮವ್ವ ಮತ್ತ ದೊಡ್ಡವ್ವ ಇಬ್ಬರೇ ಇದ್ರ ನೂರು ಹೋಳಿಗಿ ಯಾವಾಗ ಆದೂ ಗೊತ್ತಾಗಂಗಿಲ್ಲ. ಒಬ್ಬರು ಹೂರಣ ತುಂಬಿ ಲಟ್ಟಿಸಿ ಕೊಡತಾರ, ಒಬ್ಬರು ಹಂಚಿನ ಮುಂದ. ಮಾತೂ ಇಲ್ಲ ಕತೀನೂ ಇಲ್ಲ, ಕೈ ನೋಡೇ ಕೈಗೆ ತಿಳೀತದ. ಅಲ್ಲಿಗೆ "ತಡಾ ಆಗೇದ" ಅಂತ ಏಳು ಮಂದಿ ಸೆರಗು ಸಿಗಿಸಿಕೊಂಡು ಬಂದ್ರು ಅನ್ರಿ. ಒಬ್ಬಾಕಿ "ಕಣಕ ಎಷ್ಟ ನಾದಬೇಕು?" ಅಂತಾಳ. ಒಬ್ಬಾಕಿ "ಯಾಲಕ್ಕಿ ಹಾಕೀರೇನು?" ಅಂತ ಕೇಳಿ, ಉತ್ತರ ಬರೋದ್ರಾಗ ಹಾಕೇ ಬಿಡತಾಳ. ಇನ್ನೊಬ್ಬಾಕಿ ತನ್ನ ತವರಮನಿ ಪದ್ಧತಿ ಪ್ರಕಾರ ದಪ್ಪ ದಪ್ಪ ಲಟ್ಟಸ್ತಾಳ. ನಮ್ಮವ್ವ ಹೋಳಿಗಿ ಬಿಟ್ಟು ಅವರಿಗೆ ಹೇಳಿಕೊಡ್ಲಿಕ್ಕೆ ನಿಂದ್ರಬೇಕು. ಇಷ್ಟರ ಮ್ಯಾಲೆ ಹಂಚು ಇದ್ದದ್ದು ಒಂದೇ.

ಇದಕ್ಕ ಲೆಕ್ಕಾನೂ ಅದ. ಇಬ್ಬರಿದ್ರ ನಡುವ ಒಂದೇ ಮಾತಿನ ದಾರಿ. ನಾಕ ಮಂದಿ ಆದ್ರ ಆರು ದಾರಿ. ಎಂಟು ಮಂದಿ ಆದ್ರ 28. ಹದಿನಾಕ ಮಂದಿ ಆದ್ರ 91. ಮಂದಿ ಎರಡು ಪಟ್ಟೂ ಆಗಿಲ್ಲ, ಮಾತಿನ ದಾರಿ ಮೂರು ಪಟ್ಟು ದಾಟಿತು. ಆ 91 ದಾರಿಯೊಳಗ ಯಾವುದೋ ಒಂದರಾಗ ತಪ್ಪು ತಿಳುವಳಿಕಿ ಆದ್ರ ಅದನ್ನ ಹುಡುಕಿ ಬಿಡಿಸೋದು ಲೀಡ್ ಕೆಲಸ. ಹಿಂಗಾಗಿ ನಾವು ದಿನಾ ಪೂರ್ತಿ ಮಾತಾಡಿಕೋತ ಇರತೀವಿ. "ಇಡೀ ದಿವಸ ಫೋನಿನ್ಯಾಗ ಏನು ಹರಟಿ ಹೊಡೀತೀಯೇ?" ಅಂತ ಕೇಳೋ ನಮ್ಮ ಅತ್ತೀಗೆ ಇದು ಉತ್ತರ.

ಹಂಗಾದ್ರ ತಡಾ ಆದ ಕೆಲಸಕ್ಕ ಮದ್ದೇ ಇಲ್ಲೇನು? ಅದ. ಮದುವಿ ಅಡಿಗಿ ಅಂತ ತಿಳೀರಿ. ಮುಹೂರ್ತ ಬದಲಿಸ್ಲಿಕ್ಕೆ ಬರಂಗಿಲ್ಲ ಅಂದ್ರಿ. ಹಿಂದಿನ ರಾತ್ರಿ ಹೊಸಾ ಅಡಿಗ್ಯಾವರನ್ನ ಕರಿಸಿದ್ರ ಅವರಿಗೆ ಉಪ್ಪು ಎಲ್ಲದ ಅಂತ ತೋರಸೋದ್ರಾಗ ಬೆಳಗಾಗ್ತದ. ಉಳೀತು ಒಂದೇ, ಎಲಿ ಮ್ಯಾಲಿನ ಪದಾರ್ಥ ಕಡಿಮಿ ಮಾಡೋದು. ಎರಡು ಸಿಹಿ ಬದಲಿ ಒಂದು, ಭಜಿ ಬ್ಯಾಡ, ಕೋಸಂಬ್ರಿ ಸಾಕು. ಉಣ್ಣಲಿಕ್ಕೆ ಬಂದವರು ಹಸದು ಹೋಗಂಗಿಲ್ಲ. ಆದ್ರ ಬೀಗರಿಗೆ ಈ ಮಾತು ಹೇಳೋರು ಯಾರು? ಅಡಿಗಿ ಮನ್ಯಾಗ ನಿಂತಾಕಿಗೆ ಗೊತ್ತದ ಆಗಂಗಿಲ್ಲ ಅಂತ. ಹಾಲಿನ್ಯಾಗ ಕೂತವರಿಗೆ ಅದು ಕೇಳೋದು ಬೇಕಿಲ್ಲ. ನಮ್ಮ ಕೆಲಸದಾಗಿನ ತ್ರಾಸು ಇಲ್ಲೇ ಅದ, ಉಳದಿದ್ದೆಲ್ಲಾ ಬರೇ ದಣಿವು. ದಣಿವು ಒಂದು ರಾತ್ರಿ ಮಲಕೊಂಡ್ರ ಹೋಗ್ತದ.

ಈ ಮಾತಿಗೆ ದೊಡ್ಡ ಸಾಕ್ಷಿ ಅಂದ್ರ ಒಬಾಮಾ ಅವರ ಆರೋಗ್ಯ ವಿಮೆಯ ವೆಬ್‌ಸೈಟು, ಹೆಲ್ತ್‌ಕೇರ್ ಡಾಟ್ ಗೌ. ನ್ಯೂಜೆರ್ಸಿಯಲ್ಲಿರೋ ನಮ್ಮ ಮಂದಿಗೆ ನೆನಪಿರಬೇಕು, ಆಗ ಅವರ ರಾಜ್ಯಾನೂ ಅದೇ ವೆಬ್‌ಸೈಟಿನ ಮ್ಯಾಲೇ ಇತ್ತು. ಒಟ್ಟು 36 ರಾಜ್ಯಗಳ ಜನರು ಅದರ ಮೂಲಕ ವಿಮಾ ಕೊಳ್ಳಬೇಕಿತ್ತು. ಕಾನೂನಿಗೆ ಸಹಿ ಬಿದ್ದದ್ದು ಮಾರ್ಚ್ 2010ರಾಗ, ವೆಬ್‌ಸೈಟ್ ತಗದದ್ದು 1 ಅಕ್ಟೋಬರ್ 2013ಕ್ಕ. ಮೂರೂವರಿ ವರ್ಷ ಇತ್ತು, ರೊಕ್ಕಕ್ಕ ಕಡಿಮಿ ಇರಲಿಲ್ಲ, ಹತ್ತಾರು ಗುತ್ತಿಗೆ ಕಂಪನಿಗಳಿದ್ದವು. ಮೊದಲನೇ ದಿನ ಲಕ್ಷಗಟ್ಟಲೆ ಜನಾ ಬಂದ್ರು. ಆ ದಿನ ವಿಮಾಕ್ಕ ಹೆಸರು ಹಚ್ಚಲಿಕ್ಕೆ ಆದದ್ದು ಎಷ್ಟ ಮಂದಿಗೆ ಅಂದ್ರ, ಆರು ಮಂದಿಗೆ. ಆರು ಸಾವಿರ ಅಲ್ಲ್ರಿ, ಆರು. ಆಮ್ಯಾಲೆ ಅಮೆರಿಕಾದ ಸಂಸತ್ತಿನ ಸಮಿತಿ ಹೊರಗ ಹಾಕಿದ ಒಳಗಿನ ಟಿಪ್ಪಣಿಯೊಳಗ ಈ ಲೆಕ್ಕ ಅದ.

ಯಾರಿಗೂ ಮೊದಲೇ ಗೊತ್ತಿರಲಿಲ್ಲೇನು? ಗೊತ್ತಿತ್ತು. ಆ ವರ್ಷ ವಸಂತದಾಗೇ ಹೊರಗಿನ ಸಲಹಾ ಸಂಸ್ಥೆಯೊಂದು ಪರೀಕ್ಷೆಗೆ ಸಮಯ ಸಾಲಂಗಿಲ್ಲ ಅಂತ ಎಚ್ಚರಿಸಿತ್ತು. ಜುಲೈದಾಗ ಒಳಗಿನ ಅಧಿಕಾರಿಯೊಬ್ಬರು, ವಿಮಾನ ಏರೋ ಹೊತ್ತಿಗೇ ಬೀಳಬಾರದಲ್ಲ ಅನ್ನೋ ಅರ್ಥದ ಇಮೇಲ್ ಬರದಿದ್ದರು. ಮೊದಲಿಂದ ಕಡೀತನಕ ಇಡೀ ವ್ಯವಸ್ಥೆಯನ್ನ ಒಂದೇ ಸಲಕ್ಕ ನಡಸಿ ನೋಡಿದ್ದು ಕಡೀ ಎರಡು ವಾರದಾಗ ಅಂತ ಗುತ್ತಿಗೆದಾರರೇ ಸಂಸತ್ತಿನ ಮುಂದ ಹೇಳಿದ್ರು. ಕೆಳಗ ಕೆಲಸಾ ಮಾಡೋರಿಗೆ ಗೊತ್ತಿದ್ದದ್ದು ಮ್ಯಾಲೆ ಹೋಗ್ತ ಹೋಗ್ತ ಸಣ್ಣದಾಗಿ, "ಸ್ವಲ್ಪ ಅಡಚಣಿ ಅವ, ಆದ್ರ ಆಗ್ತದ" ಅಂತ ಆಗಿಬಿಟ್ಟಿತ್ತು.

ನಮ್ಮ ಕೆಲಸದಾಗ ಇದಕ್ಕ ಕಲ್ಲಂಗಡಿ ಅಂತಾರ. ಪ್ರತಿ ವಾರ ಪ್ರಾಜೆಕ್ಟ್ ಹೆಂಗದ ಅಂತ ಒಂದು ಹಾಳಿ ಕಳಸಬೇಕು, ಅದ್ರಾಗ ಹಸರು, ಹಳದಿ, ಕೆಂಪು ಅಂತ ಬಣ್ಣಾ. ಕೆಂಪು ಹಾಕಿದ್ರ ಲೀಡಿಗೆ ದಿನಕ್ಕ ಮೂರು ಮೀಟಿಂಗ್, ಯಾಕ ಕೆಂಪಾತು ಅಂತ ಹನ್ನೆರಡು ಪುಟದ ವಿವರಣಿ. ಅದನ್ನ ಬರಕೋತ ಕೂತ್ರ ಕೆಲಸಾ ಇನ್ನೂ ಹಿಂದ. ಹಿಂಗಾಗಿ ಎಲ್ಲಾರೂ ಹಸರು ಹಚ್ಚತಾರ. ಹೊರಗ ಹಸರು, ಒಳಗ ಕೆಂಪು. ಡೆಡ್‌ಲೈನ್ ದಿವಸ ಕೊಯ್ದಾಗ ಗೊತ್ತಾಗ್ತದ. ಖರೇ ಹೇಳಿದವರಿಗೆ ಶಿಕ್ಷಾ ಆಗೋ ಕಡೆ ಯಾರೂ ಖರೇ ಹೇಳಂಗಿಲ್ಲ, ಇದಕ್ಕ ಲೀಡನ್ನ ಬೈದು ಉಪಯೋಗ ಇಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಆ ವೆಬ್‌ಸೈಟು ಆಮ್ಯಾಲೆ ರಿಪೇರಿ ಆತು, ಅದೂ ಎರಡು ತಿಂಗಳೊಳಗ. ಹೆಂಗ ಅನ್ನೋದು ಮುಖ್ಯ. ಜೆಫ್ ಝೈಂಟ್ಸ್ ಅನ್ನೋರಿಗೆ ಉಸ್ತುವಾರಿ ಕೊಟ್ಟರು, ಗೂಗಲ್‌ನಿಂದ ಮೈಕಿ ಡಿಕರ್ಸನ್ ಅನ್ನೋರು ಬಂದ್ರು, ಅವರ ಕೂಡೆ ಇನ್ನೂ ಸ್ವಲ್ಪ ಮಂದಿ. "ನೋಡು, ಅವರೂ ಮಂದೀನ್ನ ಹಚ್ಚಿದ್ರಲ್ಲ!" ಅಂತ ನೀವು ನನ್ನ ಹಿಡೀಬಹುದು. ಹೌದು, ಹಚ್ಚಿದ್ರು. ಆದ್ರ ಸಾವಿರ ಮಂದಿ ಅಲ್ಲ, ಪಳಗಿದ ಕೆಲವರು, ಅದೂ ನಿರ್ಧಾರ ತಗೊಳ್ಳೋ ಅಧಿಕಾರ ಇದ್ದವರು. ವೆಬ್‌ಸೈಟ್ ನಡದದೋ ನಿಂತದೋ ಅಂತ ಒಂದೇ ಕಡೆ ನೋಡಲಿಕ್ಕೆ ಒಂದು ಫಲಕಾನೂ ಇರಲಿಲ್ಲ, ಮೊದಲು ಅದನ್ನ ಮಾಡಿಕೊಂಡ್ರು. ಪದೇ ಪದೇ ಬೇಕಾಗೋ ಮಾಹಿತೀನ್ನ ಕೈಗೆ ಸಿಗೋ ಹಂಗ ಇಟ್ಟಿರಲಿಲ್ಲ, ಪ್ರತಿ ಸಲ ಒಳಗಿನ ಉಗ್ರಾಣಕ್ಕ ಹೋಗಿ ತರಬೇಕಿತ್ತು. ಒಗ್ಗರಣಿ ಡಬ್ಬಿ ಒಲಿ ಬಾಜೂಕ ಇಡೋದು ನಮಗ ಯಾರೂ ಕಲಿಸಿಕೊಟ್ಟಿಲ್ಲ, ಅಲ್ಲೆ ಅದನ್ನೂ ಕಲಿಸಬೇಕಾತು. ದಿನಕ್ಕ ಎರಡು ಸಲ ಎಲ್ಲಾರೂ ಕೂಡತಿದ್ದರು. ಆ ಮೀಟಿಂಗಿಗೆ ಡಿಕರ್ಸನ್ ಹಾಕಿದ ಕಟ್ಟಳಿ ನನಗ ಭಾಳ ಸೇರ್ತಾವ. ಇಲ್ಲಿ ಬಂದದ್ದು ಸಮಸ್ಯಾ ಬಿಡಿಸ್ಲಿಕ್ಕೆ, ಒಬ್ಬರ ಮ್ಯಾಲೊಬ್ಬರು ತಪ್ಪು ಹೊರಸೋದಿದ್ರ ಬ್ಯಾರೆ ಜಾಗಾ ಭಾಳ ಅವ. ಮಾತಾಡಬೇಕಾದವರು ಆ ವಿಷಯ ಹೆಚ್ಚು ಗೊತ್ತಿದ್ದವರು, ದೊಡ್ಡ ಹುದ್ದೆಯವರಲ್ಲ. ಮುಂದಿನ ಒಂದೆರಡು ದಿನದಾಗ ನಮಗ ಪೆಟ್ಟು ಕೊಡೋ ಸಂಗತಿಯನ್ನಷ್ಟೇ ಇವತ್ತು ನೋಡಬೇಕು.

ಇನ್ನ ಎಲಿ ಮ್ಯಾಲಿನ ಪದಾರ್ಥದ ಮಾತು. ಅಲ್ಲೆ ಅದನ್ನೂ ಕಡಿಮಿ ಮಾಡಿದ್ರು! ಸ್ಪ್ಯಾನಿಷ್ ಭಾಷೆಯ ವೆಬ್‌ಸೈಟನ್ನ ಡಿಸೆಂಬರಿಗೆ ಹಾಕಿದ್ರು. ಸಣ್ಣ ವ್ಯಾಪಾರಸ್ಥರು ಆನ್‌ಲೈನಿನಲ್ಲಿ ಹೆಸರು ಹಚ್ಚೋ ಸೌಲಭ್ಯಾನ ಒಂದು ವರ್ಷ ಮುಂದ ತಳ್ಳಿದ್ರು. ಸ್ಪ್ಯಾನಿಷ್ ಮಾತಾಡೋ ಬಡವರಿಗೆ ಅನ್ಯಾಯ ಆತು, ಅದನ್ನ ನಾ ಅಲ್ಲಗಳಿಯಂಗಿಲ್ಲ. ಆದ್ರ ಉಳದದ್ದಕ್ಕ ಉಸರು ಬಂತು. ನವೆಂಬರ್ ಕಡೀ ಹೊತ್ತಿಗೆ 400ಕ್ಕೂ ಹೆಚ್ಚು ದೋಷ ಸರಿ ಮಾಡಿದ್ರು, ಏಪ್ರಿಲ್ 2014ರ ಹೊತ್ತಿಗೆ ಇಡೀ ದೇಶದಾಗ, ರಾಜ್ಯಗಳ ಸ್ವಂತ ವೆಬ್‌ಸೈಟುಗಳೂ ಸೇರಿ, ಸುಮಾರು 80 ಲಕ್ಷ ಮಂದಿ ವಿಮಾಕ್ಕ ಹೆಸರು ಹಚ್ಚಿದ್ರು. ನನ್ನ ಸಂಕಟ ಇಷ್ಟ, ಅಕ್ಟೋಬರ್ ಆದಮ್ಯಾಲೆ ಬಿಡಲಿಕ್ಕೆ ಆದದ್ದನ್ನ ಜುಲೈದಾಗ ಯಾಕ ಬಿಡಲಿಕ್ಕೆ ಆಗಲಿಲ್ಲ? ಊರ ಮುಂದ ಮಾನ ಹೋದ ಮ್ಯಾಲೆ ಮಾತ್ರ ಕೆಳಗಿನವರ ಮಾತಿಗೆ ಕಿಮ್ಮತ್ತು ಬರಬೇಕೇನು?

ಆ ಖಾತೆಯ ಮುಖ್ಯಸ್ಥರು ಕ್ಯಾಥ್ಲೀನ್ ಸೆಬೇಲಿಯಸ್ ಅಂತ ಒಬ್ಬ ಹೆಣ್ಮಗಳು. ಸಂಸತ್ತಿನ ಮುಂದ ನಿಂತು ಇದಕ್ಕ ನಾನೇ ಹೊಣಿ ಅಂದ್ರು. ಮುಂದಿನ ಏಪ್ರಿಲ್‌ದಾಗ, ಎಲ್ಲಾ ಸರಿಹೋದ ಮ್ಯಾಲೆ, ರಾಜೀನಾಮೆ ಘೋಷಣಾ ಮಾಡಿದ್ರು. ಅವರ ಸರಿ-ತಪ್ಪಿನ ಲೆಕ್ಕಕ್ಕ ನಾ ಹೋಗಂಗಿಲ್ಲ, ಅದು ರಾಜಕಾರಣ. ಆದ್ರ ಹೆಣ್ಮಕ್ಕಳ ವಿಷಯಕ್ಕ ಇನ್ನೊಂದು ಮಾತು ಹೇಳಲೇಬೇಕು. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದಾಗಿನ ಮಿಶೆಲ್ ರಯಾನ್ ಮತ್ತ ಅಲೆಕ್ಸ್ ಹ್ಯಾಸ್ಲಮ್ 2005ರಾಗ ಬ್ರಿಟನ್ನಿನ ದೊಡ್ಡ ನೂರು ಕಂಪನಿಗಳ ಲೆಕ್ಕ ತಗದು ನೋಡಿದ್ರು. ಆಡಳಿತ ಮಂಡಳಿಗೆ ಹೆಣ್ಮಕ್ಕಳನ್ನ ತಗೊಂಡ ಕಂಪನಿಗಳು, ತಗೊಳ್ಳೋಕಿಂತ ಮೊದಲಿನ ಐದು ತಿಂಗಳದಾಗ ಎಡವುತ್ತ ನಡದಿದ್ದೇ ಹೆಚ್ಚು ಕಂಡು ಬಂತು. ಅಂದ್ರ ಹಡಗ ತೂತು ಬಿದ್ದ ಮ್ಯಾಲೆ ಚುಕ್ಕಾಣಿ ನಮ್ಮ ಕೈಗೆ. ಅದಕ್ಕ ಅವರು 'ಗ್ಲಾಸ್ ಕ್ಲಿಫ್' ಅಂತ ಹೆಸರಿಟ್ಟರು, ಗಾಜಿನ ಕಡಿದಾದ ಅಂಚು ಅಂತ ಅರ್ಥ. ಇದರ ಮ್ಯಾಲೆ ಆಮ್ಯಾಲೆ ವಾದಾ-ವಿವಾದಾನೂ ನಡದಾವ, ಎಲ್ಲಾ ಕಡೆ ಹಂಗೇ ಅಂತ ನಾ ಹೇಳಂಗಿಲ್ಲ. ಆದ್ರ ನಮ್ಮ ಮನ್ಯಾಗಿನ ಮೂರರಾಗ ಇಬ್ಬರಿಗೆ ಲೀಡ್ ಪದವಿ ಬಂದದ್ದು ಹಿಂದಿನ ಗಂಡಸು ಬಿಟ್ಟು ಹೋದ ಮ್ಯಾಲೆ, ಕೆಲಸಾ ಅರ್ಧಾ ಕೆಟ್ಟ ಮ್ಯಾಲೆ.

ದೊಡ್ಡಪ್ಪನ ಮೊಮ್ಮಗಳದೂ ಹಂಗೇ. ಅಕಿಗಿನ್ನೂ 28. ಎರಡು ತಿಂಗಳ ಹಿಂದ ಲೀಡ್ ಮಾಡಿದ್ರು, ನೀವು ಪೇಢೆ ತಿಂದೀರಿ. ಯಾವುದೋ ಪರದೇಶದ ಅಂಗಡಿಗಳ ಬಿಲ್ಲಿನ ಲೆಕ್ಕದ ಸಾಫ್ಟ್‌ವೇರಂತ. ಡೆಡ್‌ಲೈನ್ ಹೋದ ವರ್ಷವೇ ಗಿರಾಕಿಗೆ ಮಾತು ಕೊಟ್ಟದ್ದು, ಕೊಟ್ಟವರು ಮಾರಾಟದ ಮಂದಿ, ಎಷ್ಟ ಕೆಲಸಾ ಅದ ಅಂತ ಆವಾಗ ಯಾರೂ ಎಣಿಸಿರಲಿಲ್ಲ. ಎಂಟು ಮಂದಿ ಇದ್ದರು, ಅಕಿ ಬಂದ ಮ್ಯಾಲೆ ಹದಿನಾಕ ಮಾಡ್ಯಾರ. ಮ್ಯಾಲೆ ಹೇಳಿದ 91ರ ಲೆಕ್ಕ ಅಕೀದೇ. ರಾತ್ರಿ ಒಂದಕ್ಕ ಮಲಗತಾಳ, ತಲಿಗೂದಲ ಕೈಗೆ ಬರ್ಲಿಕ್ಕತ್ತಾವ. ಅವರವ್ವ ನನಗ ದಿನಾ ಫೋನ್, "ನೀನರ ಹೇಳು, ರಾಜೀನಾಮಿ ಕೊಡ್ಲಿ. ನಮಗೇನು ಉಣ್ಣಲಿಕ್ಕೆ ಇಲ್ಲೇನು?" ಅಂತ. ಅವರಪ್ಪಂದು ಇನ್ನೊಂದು ನಮೂನಿ, "ಅಡ್ಜಸ್ಟ್ ಮಾಡ್ಕೋ, ಮ್ಯಾನೇಜರ್ ಮನಸ್ಸು ಮುರೀಬ್ಯಾಡ".

ಅಕ್ಕಾ, ನೀ ಇದನ್ನ ಓದ್ತಿ ಅಂತ ಗೊತ್ತದ, ಅದಕ್ಕ ಇಲ್ಲೇ ಹೇಳತೀನಿ. ನಾ ಅಕಿಗೆ ಬಿಡು ಅಂತ ಹೇಳಂಗಿಲ್ಲ. ಅಡ್ಜಸ್ಟ್ ಮಾಡ್ಕೋ ಅಂತಾನೂ ಹೇಳಂಗಿಲ್ಲ. ಈಗ ಬಿಟ್ರ, ಅಕಿ ಬರೋಕಿಂತ ಮೊದಲೇ ಕೆಟ್ಟಿದ್ದ ಕೆಲಸಕ್ಕ ಅಕಿ ಹೆಸರು ಅಂಟತದ. "ಒಂದು ಹುಡುಗಿಗೆ ಕೊಟ್ವಿ, ಆಗಲಿಲ್ಲ" ಅಂತ ಮುಂದಿನ ಹುಡುಗೀಗೂ ಅದೇ ಮಾತು. ಸುಮ್ಮನಿದ್ರ ಕಲ್ಲಂಗಡಿ. ಹಿಂಗಾಗಿ ಹೋದ ರವಿವಾರ ಇಬ್ಬರೂ ಕೂತು ಒಂದು ಪಟ್ಟಿ ಮಾಡಿದ್ವಿ. ಮಾಡಬೇಕಾದ 23 ಸಂಗತಿಯೊಳಗ 9 ಈಗ ಇಲ್ಲದಿದ್ರೂ ಅಂಗಡಿ ನಡೀತಾವ, ಬಿಲ್ ಆಗ್ತಾವ. ಆ 9 ಯಾವುವು, ಬಿಟ್ರ ಏನಾಗ್ತದ, ಬಿಡದಿದ್ರ ಏನಾಗ್ತದ ಅಂತ ಅಕಿ ಒಂದೇ ಪುಟದಾಗ ಬರದು, ಡೆಡ್‌ಲೈನಿಗೆ ಇನ್ನೂ ಐದು ವಾರ ಇರೋವಾಗಲೇ, ಸೋಮವಾರ ಮ್ಯಾಲಿನವರಿಗೆ ಕಳಿಸ್ಯಾಳ. ಬಾಯಿಲೆ ಹೇಳಿಲ್ಲ, ಬರವಣಿಗ್ಯಾಗ. ಕೂಡೆ ಇನ್ನೊಂದು ಮಾತು, ಇನ್ನ ಮಂದೀನ್ನ ಕಳಸಬ್ಯಾಡ್ರಿ ಅಂತ. ಇವತ್ತಿಗೆ ನಾಕ ದಿವಸ, ಬಂದ ಉತ್ತರ ಒಂದೇ ಸಾಲು, "ಪಾಸಿಟಿವ್ ಆಗಿ ಇರೋಣ". ಅಕಿ ಅದೇ ಪಟ್ಟಿ ಮತ್ತೊಮ್ಮೆ ಕಳಿಸ್ಯಾಳ, ಈ ಸಲ ಗಿರಾಕಿ ಕಡೆಯವರ ಹೆಸರೂ ಸೇರಿಸಿ. ಇದಕ್ಕ ಧೈರ್ಯ ಬೇಕ್ರಿ. ಇದರಿಂದ ಅಕಿ ಕೆಲಸಾನೇ ಹೋಗಬಹುದು, ಅದೂ ಅಕಿಗೆ ಗೊತ್ತದ.

ಹಿಂಗಾಗಿ ಇನ್ನ ಸ್ವಲ್ಪ ದಿವಸ ಅಕಿಗೆ ಫೋನ್ ಮಾಡಿದಾಗ "ಯಾವಾಗ ಮುಗೀತದವಾ?" ಅಂತ ಕೇಳಬ್ಯಾಡ್ರಿ, ಅದನ್ನ ಕೇಳೋರು ಅಕಿಗೆ ದಿನಕ್ಕ ಹದಿನೈದು ಮಂದಿ ಇದ್ದಾರ. ಕೇಳೋದಿದ್ರ "9ರಾಗ ಎಷ್ಟ ಬಿಡಿಸಿದಿ?" ಅಂತ ಕೇಳ್ರಿ. ಮುಂದ ಯಾವುದರ ಹುಡುಗಿ ಲೀಡ್ ಆದ್ಲು ಅಂತ ಸುದ್ದಿ ಬಂದ್ರ, ಪೇಢೆ ತರೋಕಿಂತ ಮೊದಲು, ಡೆಡ್‌ಲೈನ್ ಯಾರು ಹಾಕಿದ್ದು, ಹಿಂದಿನವರು ಯಾಕ ಬಿಟ್ರು ಅಂತ ಎರಡು ಮಾತು ಕೇಳ್ರಿ.

ಬರೋ ತಿಂಗಳು 12ಕ್ಕ ಅಕಿ ಡೆಡ್‌ಲೈನ್. 14ಕ್ಕ ನಮ್ಮ ವೈನಿ ಮನ್ಯಾಗ ಸೊಸಿ ಕುಬಸ. ಬರ್ತೀನಿ ಅಂತ ಅಕಿ ಹೇಳ್ಯಾಳ, ಹಸರು ಸೀರಿ ಸೈತ ಇಸ್ತ್ರಿಗೆ ಕೊಟ್ಟಾಳಂತ. ನಾ ಮಾತ್ರ ಎಲಿ ಎಣಸೋವಾಗ ಅಕೀದು ಹಿಡೀಬ್ಯಾಡ್ರಿ ಅಂತ ವೈನಿಗೆ ಈಗಲೇ ಹೇಳಿಟ್ಟೇನಿ.